ಉಪ್ಪು ಹಾಕಿದ್ದೆನೋ ಇಲ್ಲವೋ

ಹುಳಿ ಕುದಿಯುತ್ತಿತ್ತು. ನಾನು ಸೌಟು ಹಿಡಿದುಕೊಂಡು ಕೊಪ್ಪರಿಗೆಯ ಮುಂದೆ ನಿಂತಿದ್ದೆ. ಅದಕ್ಕೆ ಉಪ್ಪು ಹಾಕಿದ್ದೆನೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಅಷ್ಟೇ ತಾನೇ, ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದರಾಯಿತು ಎನ್ನುತ್ತೀರಿ. ನಾನು ಅಡುಗೆ ಕಲಿತ ರೀತಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಮದುವೆ, ಮುಂಜಿ, ಸೀಮಂತ, ಗೃಹಪ್ರವೇಶ, ಯಾವುದೇ ಇರಲಿ, ದೇವರಿಗೆ ಎಡೆ ಇಡುವ ತನಕ ಅಡುಗೆಯವನು ರುಚಿ ನೋಡುವಂತಿಲ್ಲ. ನೋಡಿದರೆ ಅಷ್ಟೂ ಎಂಜಲು. ನನಗೆ ಸೌಟು ಹಿಡಿಯಲು ಕಲಿಸಿದ ಸೋದರಮಾವ ಹಬೆಯ ವಾಸನೆಯಿಂದಲೇ ಉಪ್ಪು ಹೆಚ್ಚೋ ಕಮ್ಮಿಯೋ ಹೇಳುತ್ತಿದ್ದರು. ನನಗೂ ಆ ವಿದ್ಯೆ ಇದೆ ಎಂದು ಮೈಸೂರಿನ ಕೆಲವು ಮನೆಗಳಲ್ಲಿ ನಂಬಿದ್ದಾರೆ. ಅದು ಸುಳ್ಳು. ನನಗೆ ಇದ್ದದ್ದು ನೆನಪು. ಆರು ಒಲೆ ಒಟ್ಟಿಗೆ ಉರಿಯುತ್ತಿದ್ದರೂ ಯಾವ ಪಾತ್ರೆಗೆ ಯಾವಾಗ ಏನು ಬಿತ್ತು ಎಂಬುದು ನನ್ನ ತಲೆಯಲ್ಲಿ ಅಚ್ಚೊತ್ತಿದಂತೆ ಇರುತ್ತಿತ್ತು. ಅದನ್ನೇ ನಂಬಿಕೊಂಡು ಇಷ್ಟು ವರ್ಷ ಬದುಕಿದ್ದೆ.

ಅವತ್ತು ಗೋಕುಲಂನ ಒಂದು ಮನೆಯಲ್ಲಿ ಸೀಮಂತ. ನಿಂತೂ ನಿಂತೂ ಕೊನೆಗೆ ಹಾಕಿಲ್ಲ ಎಂದು ತೀರ್ಮಾನ ಮಾಡಿ ಹಾಕಿದೆ. ಹಾಕಿದ್ದೆ ಎಂಬುದು ಪಂಕ್ತಿಯಲ್ಲಿ ತಿಳಿಯಿತು. ಆ ಮನೆಯ ಹಿರಿಯಾಕೆ ಬಹಳ ಮರ್ಯಾದಸ್ಥೆ. ಕೈತೊಳೆಯಲು ಬಂದವರು ನನ್ನ ಹತ್ತಿರ ನಿಂತು, "ಭಟ್ರೇ, ಹುಳಿಗೆ ಇವತ್ತು ಯಾಕೋ ಕೈ ಸ್ವಲ್ಪ ಭಾರ ಆಯ್ತು ಕಣ್ರೀ" ಎಂದಷ್ಟೇ ಹೇಳಿ ಹೋದರು.

ಬೇರೆ ಅಡುಗೆಯವನಾಗಿದ್ದರೆ ನಾಚಿಕೊಂಡು ಮನೆಗೆ ಹೋಗುತ್ತಿದ್ದ. ನಾನು ಹೆದರಿಕೊಂಡು ಹೋದೆ. ಏಕೆಂದರೆ ನನಗೆ ಎಚ್‌ಐವಿ ಇದೆ.

ಅದು ನನಗೆ ಹೇಗೆ ಬಂತು ಎಂದು ಕೇಳುವ ಜನಕ್ಕೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಸಕ್ಕರೆ ಕಾಯಿಲೆಯವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ಗೊತ್ತಾಗಿದ್ದು ಹೇಗೆ ಎಂದು ಮಾತ್ರ ಹೇಳುತ್ತೇನೆ. ಬೆನ್ನಿಗೆ ಸರ್ಪಸುತ್ತು ಬಂತು, ಮೈ ಇಳಿಯಿತು, ಮನೆಮದ್ದು ಮಾಡಿಕೊಂಡು ಕಾಲ ಕಳೆದೆ, ಕೊನೆಗೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಸ್ಥಿತಿಯಲ್ಲಿ ಪರೀಕ್ಷೆಯಾಯಿತು. ನನ್ನ ಹೆಂಡತಿ ಸರೋಜಳಿಗೂ ಪರೀಕ್ಷೆ ಮಾಡಿದರು. ಅವಳಿಗೆ ಇರಲಿಲ್ಲ. ಆ ದಿನ ಅವಳು ಅತ್ತದ್ದು ನನಗಾಗಿಯೋ ತನಗಾಗಿಯೋ ನಾನು ಇವತ್ತಿನವರೆಗೂ ಕೇಳಿಲ್ಲ. ಮಾತ್ರೆ ಶುರುವಾಯಿತು, ಮೈ ತುಂಬಿಕೊಂಡಿತು, ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಇಳಿಯಿತು. ಮತ್ತೆ ಸೌಟು ಹಿಡಿದೆ. ಅಡುಗೆಯಿಂದ, ತಟ್ಟೆ ಲೋಟದಿಂದ ಇದು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ನಂಬಲು ಎಲ್ಲರಿಗಿಂತ ಹೆಚ್ಚು ಕಾಲ ತೆಗೆದುಕೊಂಡವನು ನಾನೇ. ಬೇರೆಯವರು ನಂಬುತ್ತಾರೆ ಎಂಬ ಭರವಸೆ ಮಾತ್ರ ನನಗೆ ಇರಲಿಲ್ಲ. ಹಾಗಾಗಿ ಸರೋಜಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಮೈಸೂರಿನಲ್ಲಿ ಅಡುಗೆಯವನಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಸರು ಹೋಗುವ ವೇಗದಲ್ಲೇ ಕೆಟ್ಟ ಹೆಸರೂ ಹೋಗುತ್ತದೆ.

ಸೀಮಂತದ ಹುಳಿಯ ತಪ್ಪು ಮೊದಲನೆಯದಲ್ಲ ಎಂಬುದು ನನ್ನ ಹೆದರಿಕೆಗೆ ಕಾರಣ. ಹೋಳಿಗೆ ತಟ್ಟುವಾಗ ಕೈ ನಿಧಾನವಾಗಿತ್ತು. ಮಾತಿನ ಮಧ್ಯೆ ಮುಂದಿನ ಪದಕ್ಕಾಗಿ ತಡಕಾಡುತ್ತಿದ್ದೆ. ಒಮ್ಮೆ ಚಾಮರಾಜಪುರಂನ ನಮ್ಮ ಬೀದಿಯ ತಿರುವಿನಲ್ಲೇ, ಹಾಲು ತರಲು ಬಂದೆನೋ ಹಾಲು ತೆಗೆದುಕೊಂಡು ಹೋಗುತ್ತಿದ್ದೆನೋ ತಿಳಿಯದೆ ನಿಂತುಬಿಟ್ಟೆ. ಕೈಯಲ್ಲಿ ಹಾಲಿತ್ತು. ಅದನ್ನು ನೋಡಿಕೊಂಡು ಮನೆಯ ಕಡೆ ನಡೆದೆ. ಈ ಕಾಯಿಲೆ ಕೆಲವರಿಗೆ ತಲೆಗೂ ಹೋಗುತ್ತದೆ ಎಂಬುದನ್ನು ಎಲ್ಲೋ ಕೇಳಿದ್ದೆ.

ಸರೋಜ ನನ್ನ ಹೆದರಿಕೆಯನ್ನು ಮೊದಲು ತಮಾಷೆ ಮಾಡಿದಳು.

"ಹೋದ ವಾರ ಗ್ಯಾಸ್ ಆರ್ಸಿದ್ನೋ ಇಲ್ವೋ ಅಂತ ನಾನು ಬಸ್‌ಸ್ಟಾಪಿಂದ ವಾಪಸ್ ಬಂದೆ. ನಂಗೂ ತಲೆಗೆ ಹೋಗಿದ್ಯೇನ್ರೀ?"

"ನಿಂಗೆ ವಾಪಸ್ ಬರ್ಬೇಕು ಅಂತ ಅನ್ನಿಸ್ತಲ್ಲ ಸರೋಜಾ. ನಂಗೆ ಅದೂ ಅನ್ನಿಸಲ್ಲ."

ಅವಳು ಆಮೇಲೆ ನಗಲಿಲ್ಲ. "ಸುಮ್ನೆ ಕೂತು ಒದ್ದಾಡೋ ಬದ್ಲು ಡಾಕ್ಟ್ರಿಗೆ ಹೇಳಿ" ಎಂದಳು. ನಾನು ಹೇಳದೆ ಇನ್ನೆರಡು ಸಲ ಮಾತ್ರೆ ತಂದೆ. ಮೂರನೆಯ ಸಲ ಅವಳೇ ಜೊತೆಗೆ ಬಂದಳು.

ನಾವು ಎಚ್‌ಐವಿಯವರು ಮಾತ್ರೆ ತರುವ ಎಆರ್‌ಟಿ ಕೇಂದ್ರದ ಬೆಂಚುಗಳಲ್ಲಿ ಒಂದು ಮರ್ಯಾದೆ ಇದೆ. ತಿಂಗಳು ತಿಂಗಳು ಅದೇ ಮುಖಗಳು. ಪಕ್ಕ ಕೂತು ಬಿಸಿಲಿನ ಬಗ್ಗೆ, ಮಕ್ಕಳ ಶಾಲೆಯ ಬಗ್ಗೆ ಮಾತಾಡುತ್ತೇವೆ. ಹೊರಗೆ ಮಾರ್ಕೆಟ್ಟಿನಲ್ಲಿ ಎದುರಾದರೆ ಒಬ್ಬರನ್ನೊಬ್ಬರು ಗುರುತಿಸುವುದಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ ಅದು. ಅಲ್ಲಿ ಕೂತಾಗ ನನಗೆ ಯಾವಾಗಲೂ ಸ್ವಲ್ಪ ಉಸಿರು ಹಗುರವಾಗುತ್ತಿತ್ತು. ಅವತ್ತು ಮಾತ್ರ ಆಗಲಿಲ್ಲ.

ನಮ್ಮ ಡಾಕ್ಟರಮ್ಮ ನಲವತ್ತರ ಆಸುಪಾಸಿನವರು, ಮಾತು ಚುಟುಕು. ಅವರು ನನಗೆ ನಾಲ್ಕು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ಕುದುರೆ, ಟೋಪಿ, ಹುರುಳಿಕಾಯಿ, ಕೆಂಪು. ಆಮೇಲೆ ಬೆರಳುಗಳನ್ನು ಬೇಗ ಬೇಗ ತಟ್ಟಿಸಿದರು, ಮುಷ್ಟಿ ಕಟ್ಟು, ಅಂಗೈ ಚಾಚು, ಅಡ್ಡ ಹಿಡಿ ಎಂದು ಕೈಯಾಟ ಆಡಿಸಿದರು. ಐವತ್ತು ದಾಟಿದ ಗಂಡಸು ಚಿಕ್ಕ ಮಕ್ಕಳ ಹಾಗೆ ಮೇಜಿನ ಮೇಲೆ ಕೈ ಬಡಿಯುವುದನ್ನು ಸರೋಜ ನೋಡುತ್ತಾ ಕೂತಿದ್ದಳು. ಕೊನೆಗೆ, "ಈಗ ಆ ನಾಲ್ಕು ಪದ ಹೇಳಿ" ಎಂದರು.

"ಹುರುಳಿಕಾಯಿ" ಎಂದೆ ತಕ್ಷಣ. ಆಮೇಲೆ ಏನೂ ಬರಲಿಲ್ಲ. ಹುರುಳಿಕಾಯಿ ಪಲ್ಯಕ್ಕೆ ಎಷ್ಟು ತೆಂಗಿನಕಾಯಿ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಡಾಕ್ಟರಮ್ಮ ಸುಳಿವು ಕೊಟ್ಟರು, "ಒಂದು ಪ್ರಾಣಿ." ನಾನು ಹಸು ಎಂದೆ. ಸರೋಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವುದು ಕಣ್ಣಂಚಿಗೆ ಕಾಣಿಸಿತು.

ರಕ್ತಪರೀಕ್ಷೆಗಳಾದವು. ಥೈರಾಯ್ಡ್, ವಿಟಮಿನ್ನು, ಸಕ್ಕರೆ, ಎಲ್ಲ ಸರಿ ಇತ್ತು. ಯಾವುದಾದರೂ ಒಂದು ಕೆಟ್ಟಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡಿದ್ದೆ. ರಕ್ತದ ವರದಿ ಚೆನ್ನಾಗಿ ಬಂತೆಂದು ಬೇಜಾರು ಮಾಡಿಕೊಂಡವನು ಆ ಕೇಂದ್ರದಲ್ಲಿ ನಾನೊಬ್ಬನೇ ಇರಬೇಕು. ಆಗ ಡಾಕ್ಟರಮ್ಮ ಮಿದುಳಿನ ಎಂಆರ್‌ಐ ಮಾಡಿಸೋಣ ಎಂದರು.

"ಬರೀ ಫೋಟೋ ನೋಡೋದಲ್ಲ. ಕಂಪ್ಯೂಟರ್ ಒಂದೊಂದು ಭಾಗನೂ ಅಳೆಯುತ್ತೆ. ನಿಮ್ಮ ವಯಸ್ಸಿನ ಬೇರೆಯವರ ಅಳತೆ ಜೊತೆ ಹೋಲಿಸಿ ನೋಡ್ತಾರೆ. ಕಣ್ಣಿಗೆ ಕಾಣದ ವ್ಯತ್ಯಾಸ ಅದರಲ್ಲಿ ಕಾಣಬಹುದು."

"ಅಂದ್ರೆ ನಮ್ಮ ಕಣ್ಣಳತೆ ಸಾಲದು ಅಂತ ಪಾವು ಸೇರು ಹಿಡಿಯೋ ಹಾಗೆ" ಎಂದೆ.

"ಹಾಗೇ ಅಂದ್ಕೊಳ್ಳಿ" ಎಂದರು. ಅಷ್ಟು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಾಯುವ ಕೋಣೆ ತಣ್ಣಗಿತ್ತು, ಜನ ತುಂಬಿತ್ತು. ನಾನು ಫೈಲನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತೆ, ಏಕೆಂದರೆ ಅದರ ಮೇಲೆ ಕೇಂದ್ರದ ಮುದ್ರೆ ಇತ್ತು. ಸರೋಜ ಕೆಲಸ ಮಾಡುವ ಶಾಲೆಯಲ್ಲಿ ರಜ ಸಿಕ್ಕಿರಲಿಲ್ಲ. ಪಕ್ಕದ ಕುರ್ಚಿಗೆ ಒಬ್ಬ ಹೆಂಗಸು ಕುಂಟುತ್ತಾ ಬಂದು ಕೂತು, ನನ್ನ ಮುಖ ನೋಡಿ, "ಅಯ್ಯೋ, ಭಟ್ರಲ್ವೇ!" ಎಂದರು. ಅವರ ಮಗನ ಮುಂಜಿಗೆ ನಾನೇ ಅಡುಗೆ ಮಾಡಿದ್ದೆ.

"ನಂಗೆ ಮಂಡಿ. ನಿಮಗೇನಾಯ್ತು?"

"ತಲೆನೋವು, ಅಷ್ಟೇ" ಎಂದೆ. ಫೈಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ.

ಅವರು ಆ ಮುಂಜಿಯ ಬಾದಾಮಿ ಹಲ್ವ ಹೇಗಿತ್ತು ಎಂದು ವರ್ಣಿಸತೊಡಗಿದರು. ನನ್ನ ಕಿವಿಯೆಲ್ಲ ಹೆಸರು ಬರೆಸುವ ಕಿಟಕಿಯ ಕಡೆಗಿತ್ತು. ಅಲ್ಲಿ ಕೂತವನು ಒಬ್ಬೊಬ್ಬರನ್ನೂ ಹೆಸರು, ಯಾವ ಆಸ್ಪತ್ರೆ, ಯಾವ ವಿಭಾಗ, ಎಲ್ಲ ಸೇರಿಸಿ ಗಟ್ಟಿಯಾಗಿ ಕೂಗುತ್ತಿದ್ದ. ನನ್ನ ಸರದಿ ಬಂದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದೇ ಕೂಗಿಗೆ ಮುಗಿಯಿತು. ಎದ್ದು ಹೋಗಿಬಿಡೋಣ ಎಂದು ನಿಜವಾಗಿಯೂ ಚಪ್ಪಲಿಗೆ ಕಾಲು ತೂರಿಸಿದೆ.

ಆಗ ಒಳಗಿನಿಂದ ಟೆಕ್ನಿಷಿಯನ್ ಹೆಂಗಸು ಬಂದು ಕಿಟಕಿಯವನ ಕೈಯಿಂದ ನನ್ನ ಚೀಟಿ ತೆಗೆದುಕೊಂಡರು. ಅದನ್ನು ಓದಿದರು, ನನ್ನನ್ನು ನೋಡಿದರು, ಪಕ್ಕದಲ್ಲಿ ಹಲ್ವದ ವಿಷಯ ಹೇಳುತ್ತಿದ್ದವರನ್ನು ನೋಡಿದರು. ನಾನು ಹೇಳಿದ ಸುಳ್ಳು ಅವರ ಕಿವಿಗೆ ಬಿದ್ದಿತ್ತೋ ಏನೋ. ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ತಲೆನೋವಿನವರು ಒಳಗೆ ಬನ್ನಿ" ಎಂದರು. ಅವರ ಹೆಸರು ನನಗೆ ಗೊತ್ತಿಲ್ಲ. ದೇವರ ದೀಪ ಹಚ್ಚುವಾಗ ಇವತ್ತಿಗೂ ಅವರನ್ನು ನೆನೆಯುತ್ತೇನೆ.

ಒಳಗೆ, ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು. ಉಂಗುರ ಬಂತು. ಸೊಂಟದ ಬೆಳ್ಳಿ ಉಡುದಾರ ಬರಲಿಲ್ಲ. ಮದುವೆಯಾದಾಗಿನ ಉಡುದಾರ, ಸೊಂಟ ಮಾತ್ರ ಅಂದಿನದಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಜಗ್ಗಿ ಜಗ್ಗಿ ಕೊನೆಗೆ ಕೊಂಡಿ ಕಿತ್ತುಬಂತು. ನಗು ಬರಬೇಕಾದ ಹೊತ್ತಿನಲ್ಲಿ ಅಳು ಬಂತು.

ಆ ಯಂತ್ರದೊಳಗೆ ಮಲಗಿದ ಮೇಲೆ ಸದ್ದು ಶುರುವಾಯಿತು. ಹತ್ತು ಕಡೆ ಒಟ್ಟಿಗೆ ಕಬ್ಬಿಣದ ಬಾಣಲೆ ಕುಟ್ಟಿದ ಹಾಗೆ. ಅಲುಗಾಡಬೇಡಿ, ಅಲುಗಿದರೆ ಅಳತೆ ತಪ್ಪುತ್ತದೆ ಎಂದಿದ್ದರು. ನನಗೆ ಅಲುಗುವ ಧೈರ್ಯವೇ ಇರಲಿಲ್ಲ. ಮನಸ್ಸನ್ನು ಕಟ್ಟಿಹಾಕಲು ಮದುವೆ ಎಲೆಗೆ ಬಡಿಸುವ ಕ್ರಮ ಹೇಳಿಕೊಳ್ಳತೊಡಗಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ... ಅಲ್ಲಿಂದ ಮುಂದೆ ಹಪ್ಪಳವೋ ತೊವ್ವೆಯೋ ಎಂದು ಅನುಮಾನ ಬಂತು. ಮತ್ತೆ ಉಪ್ಪಿನಿಂದ ಶುರುಮಾಡಿದೆ. ಮತ್ತೆ ಅಲ್ಲೇ ನಿಂತೆ. ಈಗ ಇದೇ ಕ್ಷಣದಲ್ಲಿ ಯಂತ್ರ ನನ್ನ ತಲೆಯೊಳಗೆ ಖಾಲಿ ಜಾಗವನ್ನು ಅಳೆದುಕೊಳ್ಳುತ್ತಿದೆ ಎಂದು ಅನ್ನಿಸಿಬಿಟ್ಟಿತು.

ವರದಿ ಕೈಗೆ ಬರುವ ತನಕ ನಾನು ಸರೋಜಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ತಪ್ಪುತ್ತೇನೋ ಎಂಬ ಭಯ. ಅವಳು ಅದನ್ನು ಸಿಟ್ಟು ಎಂದುಕೊಂಡಳು.

ಡಾಕ್ಟರಮ್ಮನ ಮೇಜಿನ ಮೇಲೆ ನನ್ನ ಮಿದುಳಿನ ಚಿತ್ರ ಬಣ್ಣ ಬಣ್ಣವಾಗಿ ಬಿದ್ದಿತ್ತು. ಬರೀ ಕಣ್ಣಿಂದ ನೋಡಿದ ತಜ್ಞರು ವಿಶೇಷವೇನಿಲ್ಲ ಎಂದಿದ್ದರಂತೆ. ಆದರೆ ಅಳತೆಯಲ್ಲಿ, ಒಳಗಿನ ಎರಡು ಸಣ್ಣ ಭಾಗಗಳು ನನ್ನ ವಯಸ್ಸಿನವರಿಗೆ ಇರಬೇಕಾದ್ದಕ್ಕಿಂತ ಕಮ್ಮಿ ಬಂದಿದ್ದವು. ಕೈಯ ಚುರುಕು, ಒಂದಾದ ಮೇಲೊಂದು ಕೆಲಸವನ್ನು ಸರಣಿಯಲ್ಲಿ ಹಿಡಿದಿಡುವುದು, ಇವನ್ನು ನೋಡಿಕೊಳ್ಳುವ ಭಾಗಗಳಂತೆ. ಅಡುಗೆಯವನಿಗೆ ಅದು ಬಿಟ್ಟರೆ ಇನ್ನೇನಿದೆ?

"ಕರಗ್ತಾ ಇದ್ಯಾ ಡಾಕ್ಟ್ರೇ?"

"ಗೊತ್ತಿಲ್ಲ" ಎಂದರು. "ಮಾತ್ರೆ ಶುರು ಮಾಡೋಕೆ ಮುಂಚೆ, ನೀವು ತುಂಬ ಕಾಯಿಲೆ ಬಿದ್ದಿದ್ರಲ್ಲ, ಆಗಲೇ ಆಗಿದ್ದಿರಬಹುದು. ಆಗ ಆಗಿ ಅಲ್ಲಿಗೇ ನಿಂತಿದ್ರೆ ಒಂದು ಲೆಕ್ಕ. ಈಗ್ಲೂ ಇಳೀತಾ ಇದ್ರೆ ಇನ್ನೊಂದು. ಒಂದು ಸಲದ ಅಳತೆಯಿಂದ ಅದು ಹೇಳಕ್ಕಾಗಲ್ಲ. ವರ್ಷ ಬಿಟ್ಟು ಅದೇ ಮೆಷಿನ್ನಲ್ಲಿ ಇನ್ನೊಂದ್ಸಲ ನೋಡ್ಬೇಕು."

ಮಾತ್ರೆಗಳಲ್ಲಿ ಒಂದನ್ನು ಬದಲಿಸಿದರು. ನಿದ್ದೆ ಸರಿಯಾಗಿ ಮಾಡಿ, ದಿನಾ ನಡೆಯಿರಿ ಎಂದರು. ಹೊರಗೆ ಬಂದಾಗ ಸರೋಜ ಹೇಳಿದ್ದು ಒಂದೇ ಮಾತು. "ಗೊತ್ತಿಲ್ಲ ಅಂದ್ರಲ್ಲ, ಹೌದು ಅನ್ನಲಿಲ್ಲ." ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಹಿಡಿಯಲು ಬರಲಿಲ್ಲ.

ಆ ವರ್ಷದ ಬಗ್ಗೆ ಏನು ಹೇಳಲಿ? ಇಂಥ ವರದಿ ಹಿಡಿದುಕೊಂಡು ಈಗ ಎಲ್ಲೋ ಕಾಯುತ್ತಿರುವವರಿಗೆ ಹೇಳುವುದಿಷ್ಟೇ, ನಿಮ್ಮ ಹಾಗೆ ನಾನೂ ದಿನವಿಡೀ ನನ್ನ ತಲೆಗೆ ಪರೀಕ್ಷೆ ಕೊಡುತ್ತಿದ್ದೆ. ನಡೆಯುವಾಗ ಅಂಗಡಿಗಳ ಹೆಸರನ್ನು ಬಾಯಿಪಾಠ ಮಾಡುವುದು, ವಾಪಸ್ ಬರುವಾಗ ಕಣ್ಣೆತ್ತದೆ ಹೇಳುವುದು. ಸರಿಬಂದರೆ ಅರ್ಧ ಗಂಟೆ ನೆಮ್ಮದಿ. ತಪ್ಪಿದರೆ ಆ ದಿನ ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯವರ ಹೆಸರು ಒಂದು ಕ್ಷಣ ತಡವಾಗಿ ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ದೊಡ್ಡ ಮದುವೆಗಳನ್ನು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದೆ. ಬೆನ್ನುನೋವು ಎಂದು ಹೇಳಿ ಕಳಿಸುತ್ತಿದ್ದೆ. ನಾಮಕರಣ, ಗೃಹಪ್ರವೇಶದಂಥ ಸಣ್ಣ ಅಡುಗೆಗಳನ್ನಷ್ಟೇ ಇಟ್ಟುಕೊಂಡೆ.

ಅವಕ್ಕೂ ಒಂದು ಉಪಾಯ ಬೇಕಿತ್ತು. ಉಪ್ಪು ಹಾಕಿದ ಪಾತ್ರೆಯ ಮುಚ್ಚಳದ ಮೇಲೆ ಒಂದು ಎಸಳು ಕರಿಬೇವು ಇಡುವುದು ಎಂದುಕೊಂಡೆ. ಎಸಳಿದ್ದರೆ ಉಪ್ಪು ಬಿದ್ದಿದೆ, ಇಲ್ಲದಿದ್ದರೆ ಇಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ಯಾಕೆಂದು ಕೇಳುತ್ತಾರೆ. ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಅಡುಗೆಮನೆಯಲ್ಲಿ ಕರಿಬೇವಿಗೇನು ಬರ, ಯಾರಿಗೂ ಅನುಮಾನ ಬರಲಿಲ್ಲ.

ನನ್ನ ಜೊತೆ ಬಹಳ ವರ್ಷದಿಂದ ಕೆಲಸ ಮಾಡುವವನು ಗುಂಡಣ್ಣ. ನಂಜನಗೂಡು ಕಡೆಯವನು, ರಾಜೀವನಗರದಲ್ಲಿ ಮನೆ ಮಾಡಿದ್ದಾನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಸ್ವಚ್ಛತೆಯ ಹುಚ್ಚು ಅತಿ. ಅವನ ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ. ಒಂದು ಗೃಹಪ್ರವೇಶದ ದಿನ, ಮನೆ ತುಂಬ ನೆಂಟರು, ನಾನು ಒಬ್ಬಟ್ಟಿನ ಒಲೆಯ ಹತ್ತಿರ ಇದ್ದೆ. ಗುಂಡಣ್ಣ ಮುಚ್ಚಳಗಳ ಮೇಲೆ ಬಿದ್ದಿದ್ದ ಕಸವನ್ನೆಲ್ಲ ತನ್ನ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಬಂದ. ನಾನು ತಿರುಗಿ ನೋಡಿದೆ. ಮುಚ್ಚಳಗಳು ಥಳಥಳ ಹೊಳೆಯುತ್ತಿದ್ದವು. ಎಸಳಿಲ್ಲ. ಸರಿ, ಉಪ್ಪು ಬಿದ್ದಿಲ್ಲ. ತಿಳಿಸಾರಿಗೆ ಹಾಕಿದೆ, ಹುಳಿಗೆ ಹಾಕಿದೆ, ಕೂಟಿಗೂ ಹಾಕಿದೆ.

ಎಲೆಯ ಮುಂದೆ ಕೂತ ನೂರು ಜನ ಎರಡು ತುತ್ತಿಗೆ ಕೈ ನಿಲ್ಲಿಸಿದರು. ದೇವರ ಎಡೆಗೂ ಅದೇ ಅಡುಗೆ ಹೋಗಿತ್ತು. ಯಜಮಾನರು ಅಡುಗೆಮನೆಗೆ ಬಂದು, "ಹೊಸ ಮನೆಗೆ ಕಾಲಿಟ್ಟ ದಿನ ದೇವರಿಗೇ ಬಾಯಿಗಿಡಲಾರದ ಅಡುಗೆ ಇಟ್ಟಿರಲ್ಲ!" ಎಂದು ಕೂಗಿದರು.  ಗುಂಡಣ್ಣ ಮುಂದೆ ಬಂದು ನಿಂತ.

"ಅಣ್ಣಂದಲ್ಲ ಯಜಮಾನ್ರೇ, ನಂದೇ ತಪ್ಪು. ಅವ್ರು ಹಾಕಿದ್ದು ನೋಡ್ದೆ ನಾನೂ ಹಾಕ್ಬುಟ್ಟೆ."

ಅವನು ಒಂದು ಹರಳು ಉಪ್ಪನ್ನೂ ಮುಟ್ಟಿರಲಿಲ್ಲ. ಬೈಗುಳವನ್ನೆಲ್ಲ ತಲೆ ಬಗ್ಗಿಸಿ ಹೊತ್ತುಕೊಂಡ. ಪಾತ್ರೆಗಳನ್ನು ಗಾಡಿಗೆ ಹೇರಿದ ಮೇಲೆ ನನ್ನನ್ನು ಕಾಂಪೌಂಡಿನ ಗೋಡೆಯ ಹತ್ತಿರ ಕರೆದುಕೊಂಡು ಹೋದ.

"ಅಣ್ಣಾ, ಏನಾಯ್ತು ನಿಮಗೆ? ನಾನೇನು ಕುರುಡನಾ? ಸುಮಾರು ದಿನದಿಂದ ನೋಡ್ತಾ ಇವ್ನಿ."

ನಾನು ಕರಿಬೇವಿನಿಂದ ಶುರುಮಾಡಿದೆ. ಎಸಳು ಯಾಕೆ ಎಂದ, ಮರೆವು ಎಂದೆ. ಮರೆವು ಯಾಕೆ ಎಂದ. ಸುಳ್ಳು ಹೇಳಬಹುದಿತ್ತು. ಆದರೆ ನನಗಾಗಿ ಬೈಸಿಕೊಂಡ ಮುಖ ಎದುರಿಗಿತ್ತು, ಹೊಸ ಸುಳ್ಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯೂ ನನಗೆ ಉಳಿದಿರಲಿಲ್ಲ. ಹೇಳಿಬಿಟ್ಟೆ.

ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ತಾನು ಸರಿದದ್ದು ಅವನಿಗೇ ತಿಳಿದಿರಲಿಕ್ಕಿಲ್ಲ. ನನಗೆ ತಿಳಿಯಿತು.

"ನನ್ ಮಕ್ಳು ನಿಮ್ಮ ಮನೇಲಿ, ನಿಮ್ಮ ತಟ್ಟೇಲಿ ಉಂಡವೆ" ಎಂದ. ಅಷ್ಟು ಹೇಳಿ ಗಾಡಿ ಹತ್ತದೆ ನಡೆದುಕೊಂಡೇ ಹೋದ.

ಅವನು ಆಮೇಲೆ ಹಲವು ದಿನ ಫೋನು ಎತ್ತಲಿಲ್ಲ. ನಾನು ಬಾಗಿಲ ಸದ್ದಾದರೆ ಬೆಚ್ಚುತ್ತಿದ್ದೆ. ಇಷ್ಟು ಹೊತ್ತಿಗೆ ಯಾರಿಗೆ ಹೇಳಿರುತ್ತಾನೆ, ಯಾವ ಮನೆಯವರು ಹಳೆಯ ಊಟಗಳನ್ನು ನೆನೆದು ಹೊಟ್ಟೆ ಹಿಡಿದುಕೊಂಡಿರುತ್ತಾರೆ ಎಂದೇ ಯೋಚನೆ. ಸರೋಜ ಒಂದು ಸಂಜೆ ಖಾರವಾಗಿ ಹೇಳಿದಳು, "ಅವ್ನು ಹೇಳೋನಾಗಿದ್ರೆ ಇಷ್ಟೊತ್ಗೆ ಬೀದಿ ತುಂಬ ಆಗಿರೋದು. ಅವ್ನ ಬಗ್ಗೆ ಹಾಗೆಲ್ಲ ಯೋಚ್ನೆ ಮಾಡ್ಬೇಡಿ." ನಾನು ಕೇಳಲಿಲ್ಲ. ಭಯವಾದಾಗ ಮನುಷ್ಯ ತನ್ನವರನ್ನೇ ಮೊದಲು ಅನುಮಾನಿಸುತ್ತಾನೆ.

ಮುಂದಿನ ಸಲ ಮಾತ್ರೆ ತರಲು ಹೊರಟಾಗ ಅವನು ನಮ್ಮ ಗೇಟಿನ ಹತ್ತಿರ ನಿಂತಿದ್ದ. ಕ್ಷೌರವಿಲ್ಲದ ಮುಖ. "ನಡೀರಿ. ನಂಗೆ ಆ ಡಾಕ್ಟ್ರಮ್ಮನ್ನ ಒಂದು ಮಾತು ಕೇಳ್ಬೇಕು" ಎಂದ. 

ಒಂದು ಮಾತಲ್ಲ, ಬಾಯಿಗೆ ಬಂದದ್ದನ್ನೆಲ್ಲ ಕೇಳಿದ. ತಟ್ಟೆಯಿಂದ ಬರುತ್ತಾ, ಎಂಜಲಿಂದ ಬರುತ್ತಾ, ತರಕಾರಿ ಹೆಚ್ಚುವಾಗ ಕೈ ಕುಯ್ದುಕೊಂಡರೆ, ಆ ರಕ್ತ ಸೌತೆಕಾಯಿಗೆ ಬಿದ್ದರೆ? ಡಾಕ್ಟರಮ್ಮ ಒಂದಕ್ಕೂ ಬೇಸರಪಡದೆ ಉತ್ತರ ಕೊಟ್ಟರು. ಊಟದಿಂದ ಬರುವುದಿಲ್ಲ, ಮಾತ್ರೆ ನುಂಗುತ್ತಿರುವ ಇವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗುವುದಿಲ್ಲ, ಕೈ ಕುಯ್ದುಕೊಂಡರೆ ಯಾವ ಅಡುಗೆಯವರೂ ಮಾಡುವ ಹಾಗೆ ಆ ತರಕಾರಿ ಎಸೆದು ಗಾಯಕ್ಕೆ ಪಟ್ಟಿ ಕಟ್ಟಿ ಎಂದರು. ಗುಂಡಣ್ಣ ಎಲ್ಲ ಕೇಳಿಸಿಕೊಂಡು, "ಮಕ್ಳನ್ನ ಪರೀಕ್ಷೆ ಮಾಡ್ಸೋದು ಬ್ಯಾಡ್ವಾ?" ಎಂದ. "ಬೇಡ" ಎಂದರು. ಅವನು ಕುರ್ಚಿಗೆ ಒರಗಿ ಉಸಿರು ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ ಡಾಕ್ಟರಮ್ಮನ ಎದುರೇ ಬೈದ.

"ಇದ್ನ ಆಗ್ಲೇ ಹೇಳಿದ್ರೆ ನಾನ್ಯಾಕಣ್ಣ ಆ ಸೊಪ್ಪು ಒರೆಸ್ತಿದ್ದೆ? ಅಷ್ಟ್ ಜನದ ಊಟ ಮಣ್ಣಾಯ್ತಲ್ಲ!"

ಅವತ್ತಿನಿಂದ ಉಪ್ಪಿನ ಡಬ್ಬಿ ಅವನ ಕೈಗೆ ಹೋಯಿತು. ನಮ್ಮಲ್ಲಿ ಉಪ್ಪು ಹಾಕುವುದು ಮುಖ್ಯ ಅಡುಗೆಯವನ ಕೆಲಸ. ಅದನ್ನು ಬಿಟ್ಟುಕೊಟ್ಟ ದಿನ ನನಗೆ ಬಹಳ ಹೊಟ್ಟೆಯುರಿಯಿತು. ಗುಂಡಣ್ಣ ಪ್ರತಿಸಲ ಹಾಕುವಾಗ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಹಾಕಿ, "ಬಿತ್ತು" ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಅದರಿಂದ ಉರಿ ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ.

ಎರಡನೆಯ ಸ್ಕ್ಯಾನಿನ ವೇಳೆಗೆ ನನಗೆ ಅನ್ನವೇ ಸೇರುತ್ತಿರಲಿಲ್ಲ. ಮಾತ್ರೆ ಬದಲಿಸಿದ ಮೇಲೆ ನಿದ್ದೆ ಸುಧಾರಿಸಿತ್ತು, ಪದಗಳು ಕೂಡ ಸ್ವಲ್ಪ ಬೇಗ ಸಿಗುತ್ತಿದ್ದವು ಅನ್ನಿಸುತ್ತಿತ್ತು. ಆದರೆ ಅನ್ನಿಸುವುದನ್ನು ನಂಬುವ ಹಾಗಿರಲಿಲ್ಲ. ಕೆಡುತ್ತಿರುವ ತಲೆಯೇ ತಾನು ಚೆನ್ನಾಗಿದ್ದೇನೆ ಎಂದು ಹೇಳಿದರೆ ಯಾರು ಸಾಕ್ಷಿ? ಇಳಿಯುತ್ತಿದೆ ಎಂದು ಬಂದರೆ ಸೌಟು ಕೆಳಗಿಡುವುದು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆ. ಸರೋಜಳಿಗೂ ಗುಂಡಣ್ಣನಿಗೂ ಹೇಳಿದ್ದೆ. 

ವರದಿಯ ದಿನ ಇಬ್ಬರೂ ಬಂದರು. ಸರೋಜ ನನ್ನ ಜೊತೆ ಒಳಗೆ, ಗುಂಡಣ್ಣ ಹೊರಗಿನ ಬೆಂಚಿನಲ್ಲಿ. ಡಾಕ್ಟರಮ್ಮ ಹಳೆಯ ಹಾಳೆ, ಹೊಸ ಹಾಳೆ ಅಕ್ಕಪಕ್ಕ ಇಟ್ಟುಕೊಂಡು ಪೆನ್ನಿನ ತುದಿಯಿಂದ ಒಂದೊಂದೇ ಸಾಲು ನೋಡುತ್ತಾ ಹೋದರು. ಆ ಪೆನ್ನು ಎಲ್ಲಿ ನಿಲ್ಲುತ್ತದೋ ಎಂದು ನೋಡುತ್ತಾ ಕೂತಿದ್ದೆ. ಅದು ಕೊನೆಯ ಸಾಲಿನ ತನಕ ಹೋಗಿ ಬಂತು.

"ಕಮ್ಮಿ ಇದ್ದದ್ದು ಕಮ್ಮೀನೇ ಇದೆ" ಎಂದರು. "ಆದ್ರೆ ಹೋದ ವರ್ಷಕ್ಕಿಂತ ಇಳಿದಿಲ್ಲ. ಹಳೇ ಪೆಟ್ಟು ಅನ್ಸುತ್ತೆ. ಕೈಯಾಟದಲ್ಲೂ ಈ ಸಲ ಸ್ವಲ್ಪ ವಾಸಿ."

"ಹಂಗಾದ್ರೆ ಇನ್ನು ಇಳಿಯಲ್ವಾ?"

"ಹಾಗಂತ ಬರೆದುಕೊಡಕ್ಕಾಗಲ್ಲ. ಮಾತ್ರೆ ತಪ್ಪಿಸ್ಬೇಡಿ. ಮುಂದಿನ ವರ್ಷ ಮತ್ತೆ ನೋಡೋಣ."

ಸರೋಜ ಕಣ್ಣೊರೆಸಿಕೊಂಡಳು. ನಾನು ಸಂತೋಷಪಡಬೇಕೋ ಇನ್ನೊಂದು ವರ್ಷದ ಕಾಯುವಿಕೆಗೆ ಅಳಬೇಕೋ ತಿಳಿಯದೆ ಎದ್ದುಬಂದೆ. 

ಗುಂಡಣ್ಣ ಬೆಂಚಿನಿಂದಲೇ ಕೂಗಿದ, "ಏನಂದ್ರಣ್ಣ?"

ಎಲ್ಲರೂ ತಲೆಯೆತ್ತಿ ನೋಡಿದರು. "ಇಳಿದಿಲ್ಲವಂತೆ. ಆದ್ರೆ ಮುಂದಿನ ವರ್ಷದ್ದು ಹೇಳಕ್ಕಾಗಲ್ಲವಂತೆ" ಎಂದೆ.

"ಮುಂದಿನ್ ವರ್ಷದ್ದು ಬುಡಿ. ಮಾಘದಲ್ಲಿ ಒಂದು ಮದ್ವೆ ಅದೆ. ಮೂರು ದಿನದ್ದು, ದೊಡ್ಡದು. ನೀವೇ ಬೇಕಂತೆ."

 "ಸರಿ, ಒಪ್ಕೋತೀನಿ ಅಂತ ಹೇಳು" ಎಂದೆ.

"ಹೇಳೋದೇನು? ಹೋದ ವಾರವೇ ನಿಮ್ಮ ಹೆಸ್ರಲ್ಲಿ ವೀಳ್ಯ ತಗೊಂಡ್ಬುಟ್ಟೆ."

ಅಡುಗೆಯವನು ಒಂದು ಮನೆಯ ವೀಳ್ಯದೆಲೆ ಅಡಿಕೆ ಕೈಗೆ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಸತ್ತರೆ ಮಾತ್ರ ತಪ್ಪಿಸಿಕೊಳ್ಳಬಹುದು ಎನ್ನುವಷ್ಟು ಗಟ್ಟಿ ಮಾತು. ನನಗೆ ಸಿಟ್ಟೇ ಬಂತು.

"ವರದಿ ಬರೋಕೆ ಮುಂಚೇನೇ? ಇಳಿದಿದೆ ಅಂತ ಬಂದಿದ್ರೆ ಏನೋ ಮಾಡ್ತಿದ್ದೆ?"

ಗುಂಡಣ್ಣ ಹೆಗಲ ಬಟ್ಟೆ ಕೊಡವಿಕೊಂಡು ಎದ್ದ.

"ಇಳಿದಿದ್ರೆ ನಿಮಗೊಂದು ಕುರ್ಚಿ ಹಾಕ್ತಿದ್ದೆ. ನೀವು ನೆನಪಾದಷ್ಟು ಹೇಳ್ತಿದ್ರಿ, ನಾನು ಮಾಡ್ತಿದ್ದೆ."